ಕೆಲಸ ಬಿಟ್ಟು ಯೂಟ್ಯೂಬನ್ನೇ ನೆಚ್ಚಬಹುದೇ? ಅನುಭವವುಳ್ಳವರು ತಿಳಿಸಿ

ಹನುಮಂತನಗರದಿಂದ: ಬೆಂಗಳೂರಿನ ಕೆರೆ, ಕೋಟೆ, ಶಾಸನಗಳ ಬಗ್ಗೆ ಕನ್ನಡದಲ್ಲಿ ಚಾನೆಲ್ ನಡೆಸುತ್ತಿದ್ದೇನೆ. 1,000 ಸಬ್‌ಸ್ಕ್ರೈಬರ್ ಮತ್ತು 4,000 ಗಂಟೆಗಳ ವೀಕ್ಷಣೆಯ ಮಿತಿ ದಾಟಿ ಜಾಹೀರಾತು ಆರಂಭವಾಗಿದೆ. ಜಾಹೀರಾತು, ಪ್ರಾಯೋಜಕರು, ವೀಕ್ಷಕರು ತಿಂಗಳು ತಿಂಗಳು ಹಣ ಕೊಡುವ ಸದಸ್ಯತ್ವ, ಇವುಗಳಲ್ಲಿ ಯಾವುದನ್ನು ನಂಬಿ ನೌಕರಿ ಬಿಡಬಹುದು?

ರಾಜಾಜಿನಗರದ ಅಡುಗೆಮನೆ: ಜಾಹೀರಾತನ್ನು ನೆಚ್ಚಿ ಮನೆ ನಡೆಸುವ ಮಾತನ್ನು ನನ್ನೆದುರು ಯಾರೂ ಆಡಬಾರದು. ಶೇ. 55 ನಮ್ಮ ಪಾಲು ಎನ್ನುವುದು ನಿಜ. ಆದರೆ ಗೂಗಲ್ ಆ ಹಣ ಪಾವತಿಸುವ ಆಡ್‌ಸೆನ್ಸ್ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಬಿಡಿಗಾಸೂ ಕೈಗೆ ಬರುವುದಿಲ್ಲ. ಅದಕ್ಕೂ ಮೊದಲು, 10 ಡಾಲರ್ ಆದಾಗ, ವಿಳಾಸದ ಖಾತ್ರಿಗೆಂದು ಅಂಚೆಯಲ್ಲಿ ಪಿನ್ ಕಳುಹಿಸುತ್ತಾರೆ. ನಮ್ಮಲ್ಲಿ ಒಂದೇ ಸಂಖ್ಯೆಯ ಅಡ್ಡರಸ್ತೆ ಬ್ಲಾಕಿಗೊಂದು ಇರುವುದರಿಂದ ಮೊದಲ ಪತ್ರ ಯಾರ ಮನೆ ಸೇರಿತೋ ಆ ದೇವರೇ ಬಲ್ಲ. ಎಸ್.ಪಿ. ರಸ್ತೆಯಲ್ಲಿ ಕೊಂಡ ಕಾಲರ್ ಮೈಕಿನಲ್ಲಿ ಒಗ್ಗರಣೆ ಸಿಡಿದದ್ದು ಪಟಾಕಿಯಂತೆ ಕೇಳಿಸುತ್ತಿತ್ತು, ಬೇರೆಯದನ್ನು ಕೊಂಡೆ. ಸದ್ದಾಗುತ್ತದೆಂದು ಚಿಮಣಿ ಆರಿಸಿದರೆ ಲೆನ್ಸಿನ ಮೇಲೆ ಎಣ್ಣೆಯ ಪಸೆ ಕೂರುತ್ತದೆ. ತುಪ್ಪ, ಗೋಡಂಬಿಯ ಖರ್ಚಂತೂ ನಮ್ಮದೇ. ದೀಪಾವಳಿಯ ಆಸುಪಾಸಿನಲ್ಲಿ ಕಂಪನಿಗಳು ಹಣ ಸುರಿಯುವುದರಿಂದ ಅಷ್ಟೇ ವೀಕ್ಷಣೆಗೆ ಹೆಚ್ಚು ಬರುತ್ತದೆ, ಜನವರಿಯಲ್ಲಿ ನೆಲಕಚ್ಚುತ್ತದೆ.

ಜಯನಗರದ ಮಿಕ್ಸಿ ಪರೀಕ್ಷಕ: ಮೇಡಂ, ಪ್ರಾಯೋಜಕರನ್ನು ಹಿಡಿದವರು ಆಡ್‌ಸೆನ್ಸ್‌ನ ದಾರಿ ಕಾಯುವುದಿಲ್ಲ. ನನ್ನ ಮನೆಯ ಬಾಡಿಗೆ, ಮಗಳ ಶಾಲೆಯ ಶುಲ್ಕ ಎರಡೂ ಅಲ್ಲಿಂದಲೇ ಸಾಗುತ್ತಿವೆ. ತೊಂದರೆ ಇಲ್ಲವೆಂದಲ್ಲ. ಒಂದು ಕಂಪನಿ ಹಣದ ಬದಲು ಗ್ರೈಂಡರ್ ಕೊಟ್ಟು ಕೈತೊಳೆದುಕೊಂಡಿತು. 2022ರ ಜುಲೈನಲ್ಲಿ ಬಂದ ಆದಾಯ ತೆರಿಗೆಯ ನಿಯಮದಂತೆ, ಒಬ್ಬರು ವರ್ಷದಲ್ಲಿ ಕೊಟ್ಟದ್ದರ ಬೆಲೆ 20,000 ರೂಪಾಯಿ ಮೀರಿ, ಅದನ್ನು ನಾವು ಹಿಂದಿರುಗಿಸದೆ ಇಟ್ಟುಕೊಂಡರೆ ಶೇ. 10 ತೆರಿಗೆ ಕಟ್ಟಬೇಕು. ಗ್ರೈಂಡರ್ ಮನೆಗೆ ಬಂತು, ತೆರಿಗೆ ನನ್ನ ಜೇಬಿನಿಂದ ಹೋಯಿತು.

ಮಲ್ಲೇಶ್ವರದ ವೀಣೆ: ಕೊಟ್ಟವರ ಗ್ರೈಂಡರನ್ನು ಹೊಗಳಿ ಬದುಕುವುದಕ್ಕಿಂತ ಕೇಳುಗರಿಂದಲೇ ನೇರವಾಗಿ ಪಡೆಯುವುದು ಮರ್ಯಾದೆಯ ದಾರಿ. ಸದಸ್ಯತ್ವದ ಹಣದಲ್ಲಿ ಶೇ. 70 ನಮಗೆ ಸಿಗುತ್ತದೆ. ವರ್ಣಗಳ ಪಾಠವನ್ನು ಸದಸ್ಯರಿಗಷ್ಟೇ ಕೊಡುತ್ತೇನೆ. ಆರಂಭದ ಪಾಠಗಳಾದ ಸರಳೆ, ಜಂಟಿವರಸೆ ಎಲ್ಲರಿಗೂ ತೆರೆದಿವೆ. ನನ್ನ ಬಳಿ ಇರುವವರು ಕೆಲವೇ ಜನರಾದರೂ ಬಿಟ್ಟು ಹೋಗುವವರಲ್ಲ.

ಜಯನಗರದ ಮಿಕ್ಸಿ ಪರೀಕ್ಷಕ: ನಾನು ಯಾರನ್ನೂ ಸುಮ್ಮನೆ ಹೊಗಳಿಲ್ಲ. ಹಣ ಅಥವಾ ವಸ್ತು ಪಡೆದದ್ದನ್ನು ವೀಡಿಯೊದಲ್ಲೇ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚಿಸಿದೆ, ನಾನು ಮೊದಲ ಮಾತಿನಲ್ಲೇ ಕನ್ನಡದಲ್ಲಿ ಹೇಳುತ್ತೇನೆ. ತಿಂಗಳು ತಿಂಗಳು ಕೈಚಾಚುವುದಕ್ಕೆ ಮರ್ಯಾದೆ ಎಂಬ ಹೆಸರು ಬೇಡ.

ಮಲ್ಲೇಶ್ವರದ ವೀಣೆ: ಗುರುದಕ್ಷಿಣೆಯನ್ನು ಕೈಚಾಚುವುದು ಎನ್ನುವವರ ಜೊತೆ ನನಗೆ ಮಾತಿಲ್ಲ.

ರಾಜಾಜಿನಗರದ ಅಡುಗೆಮನೆ: ವೀಣೆಯವರೇ, ಪಾಠಕ್ಕೆ ಹಣ ಕೊಡುತ್ತಾರೆ, ಹುಳಿಗೆ ಯಾರು ಕೊಡುತ್ತಾರೆ? ನಾನೂ ಸದಸ್ಯತ್ವ ತೆರೆದಿದ್ದೆ. ಸೇರಿದವರು ನನ್ನ ನಾದಿನಿ ಮತ್ತು ಶಿವಮೊಗ್ಗದ ಒಬ್ಬ ಪುಣ್ಯಾತ್ಮರು. ಶಾರ್ಟ್ಸ್ ಮಾಡಿ ಎಂದರು, ಮಾಡಿದೆ. ಅಲ್ಲಿ ಪಾಲು ಶೇ. 45, ಅದೂ ಎಲ್ಲರ ನಡುವೆ ಹಂಚಿಹೋಗುವ ಗಂಟಿನಲ್ಲಿ.

ವಿಜಯನಗರದ ಲೆಕ್ಕಿಗ: ಇಷ್ಟೆಲ್ಲ ಜಗಳದ ನಡುವೆ ಅಮೆರಿಕದ ತೆರಿಗೆ ಅರ್ಜಿಯನ್ನು ಯಾರೂ ನೆನೆಯಲಿಲ್ಲ. ಕ್ಯಾಲಿಫೋರ್ನಿಯಾದ ಕನ್ನಡಿಗರು ನೋಡಿದ್ದರಿಂದ ಬರುವ ಹಣಕ್ಕೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಅರ್ಜಿ ತುಂಬಿದ್ದರೆ ಶೇ. 15 ಮಾತ್ರ ಕಡಿತವಾಗುತ್ತದೆ. ತುಂಬದಿದ್ದರೆ ಇಡೀ ಗಳಿಕೆಯ ಮೇಲೆ ಶೇ. 24ರವರೆಗೆ ಹಿಡಿಯಬಹುದು.

ರಾಜಾಜಿನಗರದ ಅಡುಗೆಮನೆ: ನನ್ನ ಹೋಳಿಗೆಯನ್ನು ಅತಿ ಹೆಚ್ಚು ನೋಡುವವರು ಅಲ್ಲಿಯವರೇ. ಆ ಅರ್ಜಿ ಆಡ್‌ಸೆನ್ಸ್‌ನಲ್ಲಿ ಎಲ್ಲಿದೆ, ದಯವಿಟ್ಟು ತಿಳಿಸಿ.

ಜಯನಗರದ ಮಿಕ್ಸಿ ಪರೀಕ್ಷಕ: ಪಾವತಿ ವಿಭಾಗದ ಸೆಟ್ಟಿಂಗ್ಸ್‌ನಲ್ಲಿ ಇದೆ, ಮೇಡಂ. ಪ್ಯಾನ್ ಸಂಖ್ಯೆ ಕೈಯಲ್ಲಿಟ್ಟುಕೊಂಡು ಕುಳಿತುಕೊಳ್ಳಿ. ವೀಣೆಯವರಿಗೂ ಬೇಕಾದೀತು.