ಮುತ್ಯಾನ ಸಂದೂಕದಲ್ಲಿ ಆರು ಪದಕ: ಸುಬೇದಾರ್ ಸಾಹೇಬರಿಗೆ ನಿಮ್ಮ ಪ್ರಶ್ನೆ

ಪ್ರಶ್ನೆ (ಯಾದಗಿರಿ ಜಿಲ್ಲೆಯ ಸದಸ್ಯೆ):
ಸಾಹೇಬ್ರೆ, ನಮಸ್ಕಾರ. ನಮ್ಮದು ಭೀಮಾ ದಂಡೆಯ ಹಳ್ಳಿ. ಮುತ್ಯಾ ಮಿಲಿಟರಿಯಲ್ಲಿ ಇದ್ದವರು, ತೀರಿಕೊಂಡು ಬಹಳ ವರ್ಷ ಆಯಿತು. ಅವರ ಸಂದೂಕದಲ್ಲಿ ಆರು ಪದಕ ಸಿಕ್ಕಿವೆ. ಒಂದು ನಕ್ಷತ್ರದ ಆಕಾರ, ಉಳಿದವು ದುಂಡಗೆ. ಒಂದರ ಮೇಲೆ ಮಾತ್ರ ತೆರೆದ ಅಂಗೈ ಇದೆ, ಸುತ್ತ ಹಿಂದಿ ಅಕ್ಷರ. ಆಯಿ ಹೇಳೋದು, ಎಲ್ಲವೂ 71ರ ಬಾಂಗ್ಲಾ ಯುದ್ಧದವು ಅಂತ. ಆದರೆ ಅದೇ ಆಯಿ ಇನ್ನೊಂದು ಕಥೆನೂ ಹೇಳ್ತಾರೆ. ಮುತ್ಯಾ ರಜೆಗೆ ಬಂದಾಗ ಹೊಳೆಗೆ ಪ್ರವಾಹ ಬಂದು, ಮಕ್ಕಳನ್ನು ಎಳೆದು ತಂದಿದ್ದರಂತೆ. ಯಾವ ಪದಕ ಯಾತಕ್ಕೆ ಅಂತ ಹೇಗೆ ತಿಳ್ಕೊಳ್ಳೋದು? ಫೋಟೋ ಹಾಕಿದ್ದೀನಿ. ತೊಳೆದು ಫ್ರೇಮ್ ಹಾಕಿಸಬೇಕು ಅಂತಿದ್ದೀವಿ.

ಉತ್ತರ (ನಿವೃತ್ತ ಸುಬೇದಾರ್, ರೆಕಾರ್ಡ್ ಆಫೀಸ್‌ನಲ್ಲಿ ಕ್ಲರ್ಕ್ ಆಗಿದ್ದವರು):
ತಂಗಿ, ಮೊದಲು ತೊಳೆಯೋದು ನಿಲ್ಲಿಸಿ. ಹುಣಸೆಹಣ್ಣು, ಬ್ರಾಸೋ, ಬೂದಿ ಯಾವುದೂ ಬೇಡ. ಪದಕದ ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಮುತ್ಯಾನ ನಂಬರ್, ಹುದ್ದೆ, ಹೆಸರು, ರೆಜಿಮೆಂಟ್ ಕೆತ್ತಿರುತ್ತಾರೆ. ನಕ್ಷತ್ರ ಆಗಿದ್ದರೆ ಹಿಂಬದಿ ನೋಡಿ. ತಿಕ್ಕಿ ತಿಕ್ಕಿ ಆ ಅಕ್ಷರ ಅಳಿಸಿ ಹೋದರೆ ಅದು ಯಾರದೋ ಪದಕ ಆಗಿಬಿಡುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಸಾಕು.

ಫೋಟೋದಲ್ಲಿ ಕಂಡಿದ್ದನ್ನು ಹೇಳ್ತೀನಿ. ನಕ್ಷತ್ರ ಪೂರ್ವೀ ಸ್ಟಾರ್. 1971ರ ಡಿಸೆಂಬರ್‌ನಲ್ಲಿ ಪೂರ್ವದ ರಣರಂಗದಲ್ಲಿ ಇದ್ದವರಿಗೆ ಕೊಟ್ಟದ್ದು. ಪಶ್ಚಿಮದ ಗಡಿಯಲ್ಲಿ ಇದ್ದವರಿಗೆ ಪಶ್ಚಿಮೀ ಸ್ಟಾರ್. ಹಾಗಾಗಿ ಇದೊಂದೇ ಸಾಕು, ನಿಮ್ಮ ಮುತ್ಯಾ ಬಾಂಗ್ಲಾ ಕಡೆಗೇ ಹೋಗಿದ್ದರು ಅನ್ನೋದಕ್ಕೆ. ಅದರ ಪಕ್ಕದ್ದು ಸಂಗ್ರಾಮ್ ಮೆಡಲ್. ಅದೂ ಅದೇ ಯುದ್ಧದ್ದು, ಆದರೆ ಅದರ ಹರವು ದೊಡ್ಡದು, ಬಹಳ ಜನರಿಗೆ ಸಿಕ್ಕಿದೆ. ಸೈನ್ಯ ಸೇವಾ ಮೆಡಲ್‌ಗೆ ಯುದ್ಧ ಬೇಕಿಲ್ಲ. ಚಳಿ, ಗುಡ್ಡ, ಕಾಡು ಇರುವ ಕಷ್ಟದ ಜಾಗದಲ್ಲಿ ಸೇವೆ ಮಾಡಿದವರಿಗೆ ಅದು. ರಿಬ್ಬನ್ ಮೇಲೆ ಒಂದು ಪಟ್ಟಿ ಇದೆಯಲ್ಲ, ಯಾವ ಪ್ರದೇಶ ಅಂತ ಅದರಲ್ಲೇ ಬರೆದಿರುತ್ತದೆ. ಇನ್ನೆರಡು, ಸ್ವಾತಂತ್ರ್ಯದ 25ನೇ ವರ್ಷದ್ದು ಮತ್ತು ಒಂಬತ್ತು ವರ್ಷ ಸೇವೆಯದ್ದು. 25ನೇ ವರ್ಷದ್ದು 1972ರ ಆಗಸ್ಟ್ 15ಕ್ಕೆ ಸಮವಸ್ತ್ರದಲ್ಲಿದ್ದವರಿಗೆಲ್ಲ ಬಂತು. ಅದರಲ್ಲಿ ಹುಡುಕುವ ಕಥೆ ಏನಿಲ್ಲ.

ಕಥೆ ಇರೋದು ಆ ಅಂಗೈಯಲ್ಲಿ. ಅದು ಅಭಯ ಹಸ್ತ. ಮೇಲೆ 'ಮಾ ಭೈಷೀಃ', ಹೆದರಬೇಡ ಅಂತ. ಕೆಳಗೆ ಜೀವನ್ ರಕ್ಷಾ ಪದಕ ಅಂತ. ಇದು ಯುದ್ಧದ ಪದಕ ಅಲ್ಲವೇ ಅಲ್ಲ. ನೀರಲ್ಲಿ ಮುಳುಗುತ್ತಿದ್ದವರನ್ನು, ಬೆಂಕಿಯಲ್ಲಿ ಸಿಕ್ಕವರನ್ನು, ಕರೆಂಟು ಹೊಡೆದವರನ್ನು, ಗಣಿಯಲ್ಲಿ ಸಿಕ್ಕಿಬಿದ್ದವರನ್ನು ಉಳಿಸಿದವರಿಗೆ ಕೇಂದ್ರ ಸರ್ಕಾರ ಕೊಡೋದು. ಶುರುವಾಗಿದ್ದು 1961ರಲ್ಲಿ. ಮೂರು ದರ್ಜೆ ಇವೆ: ಸರ್ವೋತ್ತಮ, ಉತ್ತಮ, ಬರೀ ಜೀವನ್ ರಕ್ಷಾ. ರಿಬ್ಬನ್‌ನ ಕೆಂಪು ಬೆಂಕಿಗೆ, ತಿಳಿನೀಲಿ ನೀರಿಗೆ, ಹಸಿರು ಗೆರೆ ಜೀವಕ್ಕೆ. ಬ್ರಿಟಿಷರಲ್ಲಿ ಇಂಥದ್ದಕ್ಕೆ ಆಲ್ಬರ್ಟ್ ಮೆಡಲ್ ಇತ್ತು. 1866ರಲ್ಲಿ ಸಮುದ್ರದಲ್ಲಿ ಜೀವ ಉಳಿಸಿದವರಿಗೆ ಅಂತ ಮಾಡಿದರು, 1877ರಲ್ಲಿ ನೆಲದ ಮೇಲಿನ ಸಾಹಸಕ್ಕೂ ಕೊಡತೊಡಗಿದರು.

ಈಗ ನಿಮ್ಮ ಆಯಿಯ ಕಥೆಗೆ ಬರೋಣ. ಸೈನಿಕರಿಗೆ, ಪೊಲೀಸರಿಗೆ, ಅಗ್ನಿಶಾಮಕ ದಳದವರಿಗೆ ಈ ಪದಕ ಕೊಡಬೇಕಾದರೆ ಒಂದು ನಿಯಮ ಇದೆ. ಅವರು ಮಾಡಿದ ಕೆಲಸ ಡ್ಯೂಟಿಯ ಹೊರಗೆ ಆಗಿರಬೇಕು. ಡ್ಯೂಟಿ ಮೇಲೆ ಪ್ರವಾಹಕ್ಕೆ ಕಳಿಸಿದ್ದರೆ ಇದು ಬರುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಬಂದವರು, ಯಾರೂ ಹೇಳದೆ ಹೊಳೆಗೆ ಇಳಿದರು ಅನ್ನೋದು ಈ ನಿಯಮಕ್ಕೆ ಸರಿಯಾಗಿ ಕೂಡುತ್ತದೆ. ಆಯಿ ಹೇಳಿದ ಎರಡರಲ್ಲಿ, ಎಲ್ಲ ಪದಕವೂ ಯುದ್ಧದ್ದೇ ಅನ್ನೋದಕ್ಕಿಂತ ಹೊಳೆಯ ಕಥೆಯನ್ನೇ ನಾನು ಜಾಸ್ತಿ ನಂಬ್ತೀನಿ. ಅವರ ಬಾಯಿಂದ ಅದನ್ನು ಪೂರ್ತಿ ಬರೆಸಿಕೊಳ್ಳಿ, ಇವತ್ತೇ. ಯಾರ ಮಕ್ಕಳು, ಯಾವ ಮಳೆಗಾಲ, ದಂಡೆ ಮೇಲೆ ಯಾರ್ಯಾರಿದ್ದರು, ಎಲ್ಲ.

ಮರುಪ್ರಶ್ನೆ (ಅದೇ ಸದಸ್ಯೆ):
ಅಂಚಿನಲ್ಲಿ ನಂಬರ್ ಇದೆ ಸಾಹೇಬ್ರೆ! ಕೊನೆಗೆ ಮರಾಠಾ ಎಲ್‌ಐ ಅಂತಿದೆ. ಆದರೆ ಮುತ್ಯಾನ ಹೆಸರು ತಪ್ಪು ಬರೆದಿದ್ದಾರೆ, ನಮ್ಮ ಮನೆತನದ ಹೆಸರೂ ಇಲ್ಲ. ಬೇರೆಯವರದಾ ಇದು? ಹೊಳೆಯ ವಿಷಯ ಸರ್ಕಾರದಲ್ಲಿ ಎಲ್ಲಾದರೂ ಬರೆದಿರುತ್ತದಾ?

ಉತ್ತರ:
ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ಭರ್ತಿ ದಿವಸ ಯಾರೋ ಹವಾಲ್ದಾರ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರು ಕೊನೆವರೆಗೂ ಹಾಗೇ ನಡೆಯುತ್ತಿತ್ತು. ನಮ್ಮ ಕಡೆಯ ಹೆಸರುಗಳ ಗತಿಯಂತೂ ಕೇಳಲೇಬೇಡಿ. ನಂಬರ್ ಮುಖ್ಯ. ಆರರ ಮೇಲೂ ಒಂದೇ ನಂಬರ್ ಇರಬೇಕು ಅಂತಿಲ್ಲ. ಜೀವನ್ ರಕ್ಷಾ ಪದಕ ಗೃಹ ಇಲಾಖೆಯಿಂದ ಬಂದದ್ದು, ಸೈನ್ಯದಿಂದ ಅಲ್ಲ.

ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲೇ ಇದೆ. ಮುತ್ಯಾನ ನಂಬರ್, ಪಿಂಚಣಿ ಪುಸ್ತಕದ ಝೆರಾಕ್ಸ್, ಆಯಿಯ ಸಹಿ ಇಟ್ಟು ಅರ್ಜಿ ಬರೆಯಿರಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ಒಳ್ಳೆಯದು. ಅವರ ಸೇವಾ ವಿವರದಲ್ಲಿ ಯಾವ ಬೆಟಾಲಿಯನ್ ಅಂತ ಸಿಗುತ್ತದೆ. ಅದನ್ನು ತಪ್ಪದೆ ಕೇಳಿ. ಯಾಕಂದರೆ ಅದೇ ರೆಜಿಮೆಂಟಿನ ಒಂದನೇ ಬೆಟಾಲಿಯನ್, ಜಂಗಿ ಪಲ್ಟನ್ ಅಂತಾರೆ, 1971ರ ಆ ಡಿಸೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ ಇತ್ತು. ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಕ್ಲೇರ್ ಕಾಗದ ಕಳಿಸಿದರೆ, ಪಾಕಿಸ್ತಾನದ 31 ಬಲೂಚ್ ಪಲ್ಟನ್‌ನ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ವಾಪಸ್ ಕಳಿಸಿದ್ದರು. ಡಿಸೆಂಬರ್ 10ರ ರಾತ್ರಿ ಆ ಬಲೂಚ್ ಪಲ್ಟನ್‌ನವರು ನಮ್ಮವರ ಮುತ್ತಿಗೆಯಿಂದ ನುಗ್ಗಿ ಹೊರಬೀಳಲು ನೋಡಿದರು. ದಾರಿಗೆ ಅಡ್ಡ ಕೂತಿದ್ದವರು ಈ ಮರಾಠಾ ಪಲ್ಟನ್‌ನವರು. ಬೆಳಗಾಗುವಷ್ಟರಲ್ಲಿ ಜಮಾಲ್‌ಪುರ ಮುಗಿದಿತ್ತು, ಢಾಕಾ ದಾರಿ ತೆರೆದಿತ್ತು. ನಿಮ್ಮ ಮುತ್ಯಾ ಅದೇ ಪಲ್ಟನ್ ಆಗಿದ್ದರೆ ಮನೆಯವರಿಗೆ ಇದು ಗೊತ್ತಿರಬೇಕು ಅಲ್ವಾ?

ಹೊಳೆಯ ವಿಷಯ ಗೆಜೆಟ್‌ನಲ್ಲಿ, ಅಂದರೆ ಸರ್ಕಾರದ ರಾಜ್ಯಪತ್ರದಲ್ಲಿ ಹುಡುಕಿ. ಜಿಲ್ಲಾಧಿಕಾರಿಯಿಂದ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯಕ್ಕೆ ಶಿಫಾರಸು ಹೋಗುತ್ತದೆ. ಪದಕ ಘೋಷಣೆಯಾದ ಮೇಲೆ ಭಾರತದ ಗೆಜೆಟ್‌ನಲ್ಲಿ ರಾಷ್ಟ್ರಪತಿ ಸಚಿವಾಲಯದ ಹೆಸರಲ್ಲಿ ಅಚ್ಚಾಗುತ್ತದೆ. ಹಳೆಯ ಗೆಜೆಟ್ ಈಗ ಆನ್‌ಲೈನ್‌ನಲ್ಲೂ ಸಿಗುತ್ತವೆ. ಹುಡುಕುವಾಗ ಜನ ಎಡವೋದು ಇಲ್ಲೇ: ಯಾದಗಿರಿ ಜಿಲ್ಲೆ ಆಗಿದ್ದು 2009ರ ಕೊನೆಗೆ. ಅದಕ್ಕೂ ಮೊದಲು ಗುಲ್ಬರ್ಗಾ ಜಿಲ್ಲೆ. ಇನ್ನು ಪದಕದ ಗೆಜೆಟ್ 1973ರ ನವೆಂಬರ್‌ಗಿಂತ ಹಿಂದಿನದಾಗಿದ್ದರೆ 'ಕರ್ನಾಟಕ' ಅಂತ ಹುಡುಕಿದರೆ ಏನೂ ಸಿಗೋದಿಲ್ಲ. ಮೈಸೂರು ರಾಜ್ಯ ಅಂತ ನೋಡಬೇಕು.

ಫ್ರೇಮ್ ಮಾಡಿಸುವಾಗ ಬಲದಿಂದ ಎಡಕ್ಕೆ ಇಡಬೇಡಿ. ನೋಡುವವರ ಎಡದಿಂದ ಶುರು: ಪೂರ್ವೀ ಸ್ಟಾರ್, ಸಂಗ್ರಾಮ್, ಸೈನ್ಯ ಸೇವಾ, ಆಮೇಲೆ ಜೀವನ್ ರಕ್ಷಾ, ಆಮೇಲೆ 25ನೇ ವರ್ಷದ್ದು, ಕೊನೆಗೆ ಒಂಬತ್ತು ವರ್ಷದ್ದು. ಸರ್ವೋತ್ತಮ ದರ್ಜೆ ಆಗಿದ್ದರೆ ಎಲ್ಲಕ್ಕಿಂತ ಮುಂದೆ ಬರುತ್ತಿತ್ತು. ಮೂರನೇ ದರ್ಜೆಯದ್ದನ್ನು ಯುದ್ಧದ ಪದಕಗಳ ಹಿಂದೆ ಇಟ್ಟಿದ್ದಾರೆ. ನನ್ನನ್ನು ಕೇಳಿದರೆ ಮುಂದೆ ಇರಬೇಕಿತ್ತು, ಆದರೆ ನಿಯಮ ನಿಯಮವೇ.

ಪ್ರಶ್ನೆ (ಕಲಬುರಗಿ):
ಅಣ್ಣಾರೆ, ಸರಾಫ್ ಬಜಾರಿನಲ್ಲಿ ಒಬ್ಬರು ಇಂಥವನ್ನು ಬೆಳ್ಳಿ ಅಂತ ತೂಕಕ್ಕೆ ತಗೋತೀನಿ ಅಂದರು. ಅಪ್ಪನ ಪದಕ. ಕೊಡಬಹುದಾ? ಮತ್ತೆ 26 ಜನವರಿಗೆ ನಾನು ಹಾಕಿಕೊಂಡರೆ ತಪ್ಪಾ?

ಉತ್ತರ:
ತಮ್ಮಾ, ಸಂಗ್ರಾಮ್ ಮೆಡಲ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ ಮತ್ತು ನಿಕಲ್. ಸ್ಟಾರ್‌ಗಳು ಕಂಚಿನವು. ತೂಕಕ್ಕೆ ಏನೂ ಬರೋದಿಲ್ಲ. ಬೆಳ್ಳಿ ಇದ್ದದ್ದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್‌ನಲ್ಲಿ. 1980ರಲ್ಲಿ ಬೆಳ್ಳಿ ದರ ಏರಿದಾಗ ಅವನ್ನು ರಾಶಿ ರಾಶಿ ಕರಗಿಸಿದರು. ಹಾಕಿಕೊಳ್ಳುವುದಾದರೆ ಎದೆಯ ಬಲಗಡೆ ಹಾಕಿಕೊಳ್ಳಿ. ಗಳಿಸಿದವರಿಗೆ ಎಡಗಡೆ, ಮನೆಯವರಿಗೆ ಬಲಗಡೆ ಅನ್ನೋದು ರೂಢಿ.

ಪ್ರಶ್ನೆ (ಬೀದರ್):
ನಮ್ಮ ಮುತ್ಯಾನ ಅಪ್ಪ ನಿಜಾಮನ ಫೌಜಿನಲ್ಲಿ ಇದ್ದರು. ಆರು ಮೂಲೆಯ ಕಂಚಿನ ಸ್ಟಾರ್ ಇದೆ, ರಿಬ್ಬನ್ ಹೋಗಿದೆ. ಕೆಲವರು ಅವರು ಈಗಿನ ಕುಮಾವ್ ರೆಜಿಮೆಂಟಿನವರು ಅಂತಾರೆ. ಹೌದಾ?

ಉತ್ತರ:
ಇಲ್ಲಿ ಎರಡು ಸೈನ್ಯ ಬೆರೆಸಿಬಿಡ್ತಾರೆ ರೀ. 19ನೇ ಹೈದರಾಬಾದ್ ರೆಜಿಮೆಂಟ್ ಬ್ರಿಟಿಷ್ ಇಂಡಿಯನ್ ಆರ್ಮಿಯದ್ದು. ಅದಕ್ಕೆ 1945ರ ಅಕ್ಟೋಬರ್ 27ರಂದು ಕುಮಾವ್ ಅಂತ ಹೆಸರಾಯಿತು, ಅದರ ರೆಕಾರ್ಡ್ ರಾಣಿಖೇತ್‌ನಲ್ಲಿದೆ. ನಿಜಾಮರ ಸ್ವಂತ ಫೌಜು ಬೇರೆ, ಹೈದರಾಬಾದ್ ಸ್ಟೇಟ್ ಫೋರ್ಸಸ್. ಅದರ ಒಂದನೇ ಇನ್‌ಫೆಂಟ್ರಿ 1941ರ ಡಿಸೆಂಬರ್‌ನಲ್ಲಿ ಮಲಯಾದ (ಈಗಿನ ಮಲೇಷ್ಯಾ) ಕೋಟಾ ಬಾರು ವಿಮಾನ ನಿಲ್ದಾಣ ಕಾಯುತ್ತಿತ್ತು. ಜಪಾನಿನವರು ಪರ್ಲ್ ಹಾರ್ಬರ್‌ಗೆ ಬಾಂಬ್ ಹಾಕುವ ಮೊದಲೇ ಅಲ್ಲಿ ದಂಡೆಗೆ ಇಳಿದರು.

ಆ ಎರಡನೇ ಮಹಾಯುದ್ಧದ ಸ್ಟಾರ್‌ಗಳೆಲ್ಲ ನೋಡಲು ಒಂದೇ ತರಹ, ವ್ಯತ್ಯಾಸ ರಿಬ್ಬನ್‌ನಲ್ಲಿ. ರಿಬ್ಬನ್ ಇಲ್ಲದಿದ್ದರೆ ನಡುವಿನ ಉಂಗುರ ಓದಿ, ಅಲ್ಲಿ ಇಂಗ್ಲಿಷಿನಲ್ಲಿ ಸ್ಟಾರ್‌ನ ಹೆಸರಿರುತ್ತದೆ. ಪೆಸಿಫಿಕ್ ಅಂತಿದ್ದರೆ ಮಲಯಾ ನೆನಪಿಡಿ. ಬರ್ಮಾ ಅಂತಿದ್ದರೆ ಬೇರೆ ದಾರಿ. ನಿಜಾಮ್ ಸರ್ಕಾರದ ಹಳೆಯ ಕಡತಗಳು ಹೈದರಾಬಾದ್‌ನ ರಾಜ್ಯ ಪತ್ರಾಗಾರದಲ್ಲಿವೆ, ಬಹಳಷ್ಟು ಉರ್ದುವಿನಲ್ಲಿ. ಉರ್ದು ಓದುವ ಹಿರಿಯರು ಬೀದರಿನಲ್ಲಿ ನಿಮಗೆ ಸಿಗದೇ ಇರ್ತಾರಾ? ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಸ್ಟಾರ್‌ನ ಹಿಂಬದಿ ಮತ್ತು ಉಂಗುರದ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ.