ಅಪ್‌ಡೇಟ್: ಗೋಕಾಕ ಫಾಲ್ಸ್‌ಗೆ ಇಬ್ಬರೂ ಹೋಗಿ ಬಂದೆವು

ಬೆಳಗಾವಿಯಿಂದ ಒಂದೇ ದಿನದಲ್ಲಿ ಗೋಕಾಕ ಫಾಲ್ಸ್, ಗೊಡಚಿನಮಲ್ಕಿ ಫಾಲ್ಸ್ ಎರಡೂ ನೋಡೋಕೆ ಆಗುತ್ತಾ ಅಂತ ಕೇಳಿದ್ದೆ. ಬೆಳಿಗ್ಗೆ ಬೇಗ ಹೊರಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಆದರೆ ನಾವು ನೋಡಿದ್ದು ಒಂದೇ. ಗೋಕಾಕದಿಂದ ನನ್ನ ಹೆಂಡತಿಗೆ ಏಳೋಕೇ ಮನಸ್ಸಾಗಲಿಲ್ಲ, ನನಗೂ ಅಷ್ಟೇ.

ಘಟಪ್ರಭೆ ತುಂಬಿ ಹರಿಯುತ್ತಿತ್ತು. ನೀರು ಹಾಲಿನ ಹಾಗೆ ಬಿಳಿ ಇರುತ್ತೆ ಅಂದುಕೊಂಡಿದ್ದೆ. ಇಲ್ಲ, ಮಳೆಗಾಲದಲ್ಲಿ ಕೆಂಪು ಮಣ್ಣು ಕಲಸಿದ ಚಹಾದ ಬಣ್ಣ. 52 ಮೀಟರ್ ಎತ್ತರದಿಂದ ಬೀಳುವ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ಅವಳ ಕನ್ನಡಕದ ತುಂಬಾ ಸಣ್ಣ ಸಣ್ಣ ಹನಿ. ಸೆರಗಿನಿಂದ ಒರೆಸುತ್ತಾಳೆ, ಮತ್ತೆ ಹನಿ. ಕೊನೆಗೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಸುಮ್ನೆ ನಿಂತಳು.

ತೂಗುಸೇತುವೆ ಮೇಲೆ ಆ ದಿನ ಬಿಡುತ್ತಿರಲಿಲ್ಲ. ನೀರು ಅಷ್ಟು ಜಾಸ್ತಿ ಇದ್ದಾಗ ಅದೇ ಸರಿ. ಬಂಡೆ ಅಂಚಿಗೆ ಫೋಟೋಗಾಗಿ ದಯವಿಟ್ಟು ಹೋಗಬೇಡಿ, ಪಾಚಿ ಕಟ್ಟಿರುತ್ತೆ. ಮಹಾಲಿಂಗೇಶ್ವರ ಗುಡಿ ಮಾತ್ರ ಬಿಡಬೇಡಿ. ಚಾಲುಕ್ಯರ ಕಾಲದ್ದು, ಒಳಗೆ ತಂಪು.

ಬರುವಾಗ ಊರೊಳಗೆ ಕರದಂಟು ಕಟ್ಟಿಸಿಕೊಂಡೆವು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಪೊಟ್ಟಣ ಖಾಲಿ. ಗೊಡಚಿನಮಲ್ಕಿಗೆ ಮುಂದಿನ ಭಾನುವಾರ ಹೊರಟಿದ್ದೇವೆ.