ಕಮಿಟಿ ಹೇಳಿದ್ದೆಲ್ಲ ಬೈಲಾನಾ? ಅಪಾರ್ಟ್‌ಮೆಂಟಿನಲ್ಲಿ ಇರುವವರು ಅನುಭವ ಹೇಳಿ

ಕೇಳಿದವರು: ನಮ್ಮದು ಬೆಂಗಳೂರಿನಲ್ಲಿ 64 ಮನೆಗಳ ಅಪಾರ್ಟ್‌ಮೆಂಟ್. ಇಷ್ಟು ವರ್ಷ ಎಲ್ಲ ಮನೆಗೂ ಒಂದೇ ಮೇಂಟೆನೆನ್ಸ್ ಇತ್ತು. ಹೋದ ವಾರ ಕಮಿಟಿಯವರು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದರು: ಮುಂದಿನ ತಿಂಗಳಿಂದ ಚದರಡಿ ಲೆಕ್ಕ, ಬಾಕಿ ಇಟ್ಟವರ ಮನೆಗೆ ನೀರು ಬಂದ್. ಕೇಳಿದರೆ "ಬೈಲಾದಲ್ಲಿದೆ" ಅನ್ನುತ್ತಾರೆ. ಆ ಬೈಲಾವನ್ನು, ಅಂದರೆ ಅಸೋಸಿಯೇಷನ್ನಿನ ನಿಯಮಾವಳಿಯನ್ನು, ನಾವ್ಯಾರೂ ಕಣ್ಣಾರೆ ಕಂಡಿಲ್ಲ. ನಮ್ಮದು ನೆಲಮಹಡಿ, ಲಿಫ್ಟ್ ಹತ್ತುವುದೇ ಇಲ್ಲ. ಅದರ ಖರ್ಚಿಗೂ ಕೊಡಬೇಕಾ? ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ದಾರಿ ಹೇಳಿ.

ಐದು ವರ್ಷ ಸೆಕ್ರೆಟರಿಯಾಗಿದ್ದವರು: ಮೊದಲು ಬೈಲಾ ಕೈಗೆ ತಗೊಳ್ಳಿ ಸರ್, ವಾದ ಆಮೇಲೆ. ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟಿದ್ದರೆ, ಅದರ ಬೈಲಾ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ನೋಂದಾಯಿತ ಪತ್ರ) ಜೊತೆಗೇ ಲಗತ್ತಾಗಿರುತ್ತದೆ. 16ನೇ ಸೆಕ್ಷನ್ ಹೇಳುವುದು ಇದನ್ನೇ. ಬೈಲಾ ಬದಲಾಯಿಸಬೇಕೆಂದರೂ ಡಿಕ್ಲರೇಷನ್‌ಗೆ ತಿದ್ದುಪಡಿ ಮಾಡಿ ನೋಂದಾಯಿಸಬೇಕು. ಗ್ರೂಪಿನಲ್ಲಿ ಹಾಕಿದ ಮೆಸೇಜಿಗೆ ನಲವತ್ತು ಜನ ಹೆಬ್ಬೆರಳು ಒತ್ತಿದ ಮಾತ್ರಕ್ಕೆ ಬೈಲಾ ಬದಲಾಗುವುದಿಲ್ಲ.

ನಮ್ಮಲ್ಲಿ ಏನಾಯಿತು ಅಂದರೆ, ಬಿಲ್ಡರ್ ಮನೆ ಮಾರುವಾಗ ಕೊಟ್ಟ ಟೈಪ್ ಮಾಡಿದ ಕಾಪಿಯನ್ನೇ ಎಲ್ಲರೂ ಬೈಲಾ ಅಂದುಕೊಂಡಿದ್ದೆವು. ನಾನೂ ಮೂರು ಜನರಲ್ ಬಾಡಿ ಮೀಟಿಂಗನ್ನು ಅದರ ಪ್ರಕಾರವೇ ನಡೆಸಿದೆ. ಒಮ್ಮೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತರಿಸಿ, ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಟೈಪ್ ಮಾಡಿದ್ದರಲ್ಲಿ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮೂರನೇ ಒಂದು ಭಾಗ. ಮೊಹರು ಬಿದ್ದ ಹಾಳೆಯಲ್ಲಿ ಮಾಲೀಕರ ಬಹುಮತ. ಹಾಗಾದರೆ ಆ ಮೂರು ಮೀಟಿಂಗಿನಲ್ಲಿ ಒಂದಕ್ಕೂ ಕೋರಂ ಇರಲಿಲ್ಲ. ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಎಲ್ಲರಿಗೂ ವಿಷಯ ತಿಳಿಸಿ, ಹೊಸದಾಗಿ ನೋಟಿಸ್ ಕೊಟ್ಟು, ಅವೇ ನಿರ್ಣಯಗಳನ್ನು ಮತ್ತೆ ಮಂಡಿಸಿದೆ. ಎರಡು ಪಾಸಾದವು, ಒಂದು ಬಿದ್ದುಹೋಯಿತು.

ನೋಂದಣಿ ವಿಷಯದಲ್ಲಿ ಓಡಾಡಿದವರು: ಇನ್ನೊಂದು ಮಾತು ಸೇರಿಸುತ್ತೇನೆ. ನಿಮ್ಮ ಅಸೋಸಿಯೇಷನ್ ಯಾವ ಕಾಯ್ದೆಯಡಿ ಇದೆ ಅಂತ ನೋಡಿಕೊಳ್ಳಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡವರು ಬಹಳ ಮಂದಿ ಇದ್ದಾರೆ. ಅಲ್ಲಿ ಸಂಘದ ಬೈಲಾ ಬೇರೆ, ಡಿಕ್ಲರೇಷನ್ನಿನ ಜೊತೆ ಇರುವುದು ಬೇರೆ. ನಮ್ಮಲ್ಲಿ ಎರಡೂ ಇದ್ದವು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಇದಕ್ಕೆ ವಕೀಲರ ಸಲಹೆ ಬೇಕೇ ಬೇಕು.

ಈಗ ಖಜಾಂಚಿ ಆಗಿರುವವರು: ಲಿಫ್ಟಿನ ವಿಷಯ ನೇರವಾಗಿ ಹೇಳುತ್ತೇನೆ ಸರ್, ಬೇಜಾರು ಮಾಡಿಕೊಳ್ಳಬೇಡಿ. ಕೊಡಬೇಕು. ಸಾಮಾನ್ಯ ಸೌಲಭ್ಯವನ್ನು ನಾನು ಬಳಸುವುದಿಲ್ಲ ಅಂತ ಹೇಳಿ ಅದರ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂತ 1972ರ ಕಾಯ್ದೆಯಲ್ಲೇ ಇದೆ. ಮನೆಗೆ ಬೀಗ ಹಾಕಿ ಹೋದರೂ ಅಷ್ಟೇ. ಮೇಲಿನ ಮನೆಯವರೂ ನಿಮ್ಮ ಬಾಗಿಲ ಮುಂದಿನ ಚರಂಡಿ ರಿಪೇರಿಗೆ ಕೊಡುತ್ತಾರಲ್ಲ.

ಇನ್ನು ಚದರಡಿ ಲೆಕ್ಕ. ಸಾಮಾನ್ಯ ಖರ್ಚು ಹಂಚಬೇಕಾದದ್ದು ಪ್ರತಿ ಮನೆಗಿರುವ ಅವಿಭಜಿತ ಪಾಲಿನ, ಅಂದರೆ ಸಾಮಾನ್ಯ ಜಾಗ ಮತ್ತು ಸೌಲಭ್ಯಗಳಲ್ಲಿ ಆ ಮನೆಗಿರುವ ಪಾಲಿನ, ಶೇಕಡಾವಾರು ಪ್ರಕಾರ. ಆ ಶೇಕಡಾವಾರು ನಿಗದಿಯಾಗುವುದು ಇಡೀ ಆಸ್ತಿಯ ಬೆಲೆಯಲ್ಲಿ ನಿಮ್ಮ ಮನೆಯ ಬೆಲೆ ಎಷ್ಟು ಅನ್ನುವುದರ ಮೇಲೆ. ಅದು ಡಿಕ್ಲರೇಷನ್ನಿನಲ್ಲೇ ಬರೆದಿರುತ್ತದೆ, ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಬದಲಾಗುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಇಷ್ಟು ವರ್ಷ ನಡೆದ "ಎಲ್ಲರಿಗೂ ಒಂದೇ" ಪದ್ಧತಿಯೇ ಕಾಯ್ದೆಗೆ ದೂರ ಇದ್ದಿರಬಹುದು. ಆದರೂ ಕಮಿಟಿ ಒಂದು ಮೆಸೇಜಿನಲ್ಲಿ ಅದನ್ನು ತಿರುಗಿಸಿ ಹಾಕುವುದು ಸರಿಯಲ್ಲ. ಸಭೆಗೆ ತರಲಿ, ಲೆಕ್ಕ ತೋರಿಸಲಿ.

ನೀರು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬಾಕಿ ವಸೂಲಿಗೆ ಕಾಯ್ದೆಯಲ್ಲೇ ಗಟ್ಟಿ ದಾರಿ ಇದೆ. ಬಾಕಿ ಹಣ ಆ ಮನೆಯ ಮೇಲೇ ಋಣಭಾರವಾಗಿ ನಿಲ್ಲುತ್ತದೆ. ನಮ್ಮಲ್ಲೊಬ್ಬರು ಎರಡೂವರೆ ವರ್ಷ ಕೊಟ್ಟಿರಲಿಲ್ಲ. ಪ್ರತಿ ತ್ರೈಮಾಸಿಕಕ್ಕೆ ಒಂದು ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಗಳನ್ನು ಫೈಲಿಗೆ ಸೇರಿಸುತ್ತಾ ಹೋದೆ. ಒಂದು ಮಾತೂ ಜೋರಾಗಿ ಆಡಲಿಲ್ಲ. ಅವರು ಮನೆ ಮಾರಲು ಹೊರಟಾಗ ಕೊಳ್ಳುವವರ ವಕೀಲರು ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ಕೇಳಿದರು. ಅದೇ ವಾರ ಪೂರ್ತಿ ಬಾಕಿ ಬಂತು. ಆ ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದರು. ಅವರಿಗೆ ನೀರು ನಿಲ್ಲಿಸಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಓಡಾಡಬೇಕಿತ್ತು?

ನಾಯಿ ಸಾಕಿರುವವರು: ಬಹುಮತ ಇದ್ದರೆ ಏನು ಬೇಕಾದರೂ ಬೈಲಾಗೆ ಸೇರಿಸಬಹುದು ಅಂತಲೂ ಅಲ್ಲ. ನಮ್ಮಲ್ಲಿ ನಾಯಿ ನಿಷೇಧಿಸಿ ನಿರ್ಣಯ ಮಾಡಿದ್ದರು. ಬಹುಮತದಿಂದ ಬೈಲಾ ತಿದ್ದಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದನ್ನು ಪ್ರಿಂಟ್ ತೆಗೆದು ಕಮಿಟಿಗೆ ಕೊಟ್ಟೆ, ನಿರ್ಣಯ ಕೈಬಿಟ್ಟರು. ಬೆಲ್ಟ್ ಹಾಕಿಕೊಂಡು ಓಡಾಡಿಸುವುದು, ಗಲೀಜು ಎತ್ತುವುದು ನಮ್ಮ ಹೊಣೆ, ಅದನ್ನು ನಾನೇ ಬರೆದುಕೊಟ್ಟೆ.

ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ದೃಢೀಕೃತ ನಕಲು ಮೊನ್ನೆ ಕೈಗೆ ಬಂತು. ನೀರು ನಿಲ್ಲಿಸುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಶೇಕಡಾವಾರು ಪಟ್ಟಿ ಕೊನೆಯ ಪುಟದಲ್ಲಿದೆ. ನಮ್ಮ ಮನೆಯದು ಎರಡು ಬೆಡ್‌ರೂಮಿನ ಮನೆಗಳಿಗಿಂತ ಹೆಚ್ಚು, ಅಂದರೆ ಆ ಲೆಕ್ಕದಲ್ಲಿ ನಾನು ಈಗಿನದಕ್ಕಿಂತ ಜಾಸ್ತಿಯೇ ಕೊಡಬೇಕಾಗುತ್ತದೆ. ಮನೆಯವರಿಗೂ ತೋರಿಸಿದೆ, ಇರುವುದು ಹಾಗಿದ್ದರೆ ಕೊಡೋಣ ಅಂದರು. ವಿಶೇಷ ಸಭೆ ಕರೆಯಲು ಎಷ್ಟು ಮಾಲೀಕರ ಸಹಿ ಬೇಕು ಅನ್ನುವುದೂ ಅದರಲ್ಲೇ ಇದೆ. ನಿನ್ನೆ ಸಂಜೆ ಪಟ್ಟಿಯ ಜೆರಾಕ್ಸ್ ಹಿಡಿದು ಮೊದಲ ಮಹಡಿಯಿಂದ ಶುರು ಮಾಡಿದೆ, ಹನ್ನೊಂದು ಸಹಿ ಆಗಿದೆ. ಇವತ್ತು ಮೇಲಿನ ಮಹಡಿಗಳಿಗೆ ಹೋಗುತ್ತೇನೆ.